ಸ್ಕ್ರೀನಿನಲ್ಲಿದ್ದ ಟೊಪ್ಪಿ ಪ್ರಿಂಟಿನಲ್ಲಿ ಎಲ್ಲಿ ಹೋಯ್ತು? ಡಿಜಿಟಲ್ ನೆಗೆಟಿವ್‌ನ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿಯನ್ನು ಇಲ್ಲಿ ಮೇಷ್ಟ್ರು ಅಂತಷ್ಟೇ ಕರೆಯುತ್ತೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಮನೆ ಮಲೆನಾಡಿನ ಒಂದು ಸಣ್ಣ ಊರಿನಲ್ಲಿ. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ. "ನನ್ನ ಹೆಸರು, ಊರು ಬೇಡ. ತಪ್ಪುಗಳನ್ನು ಮಾತ್ರ ಒಂದೂ ಬಿಡಬೇಡ. ನಿನ್ನವೂ ಇರಲಿ" ಅಂದರು. ಹಾಗಾಗಿ ನನ್ನವೂ ಇವೆ.

ಹಿನ್ನೆಲೆ

ಮೇಷ್ಟ್ರಿಗೆ ಸಯನೋಟೈಪ್ ಹುಚ್ಚು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ನೀಲಿ ಪ್ರಿಂಟಿನ ವಿಧಾನ ಇದು. ಇಂಜಿನಿಯರುಗಳ ಹಳೇ ಬ್ಲೂಪ್ರಿಂಟ್ ಇದರದೇ ಕೂಸು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್, ಎರಡರ ದ್ರಾವಣವನ್ನೂ ಬೆರೆಸಿ ಕಾಗದಕ್ಕೆ ಬಳಿಯಬೇಕು. ಕತ್ತಲಲ್ಲಿ ಒಣಗಿಸಬೇಕು. ಮೇಲೆ ನೆಗೆಟಿವ್ ಇಟ್ಟು ಗಾಜು ಒತ್ತಿ ಬಿಸಿಲಿಗೋ ಯುವಿ ದೀಪಕ್ಕೋ ಹಿಡಿಯಬೇಕು. ಆಮೇಲೆ ನೀರಿನಲ್ಲಿ ತೊಳೆದರೆ ಆಯ್ತು. ನೇರ ಒತ್ತಿ ತೆಗೆಯುವುದರಿಂದ ಪ್ರಿಂಟು ಎಷ್ಟು ದೊಡ್ಡದೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದು ಬೇಕು. ಈಗ ಅಷ್ಟು ದೊಡ್ಡ ಫಿಲ್ಮ್ ನೆಗೆಟಿವ್ ಯಾರ ಬಳಿ ಇದೆ? ಡಿಜಿಟಲ್ ಚಿತ್ರದ ಕಪ್ಪು ಬಿಳುಪನ್ನೇ ಕಂಪ್ಯೂಟರಿನಲ್ಲಿ ತಿರುಗುಮುರುಗು (ಇನ್ವರ್ಟ್) ಮಾಡಿ, ಇಂಕ್‌ಜೆಟ್ ಪ್ರಿಂಟರಿನಲ್ಲಿ ಪಾರದರ್ಶಕ ಹಾಳೆಗೆ ಪ್ರಿಂಟ್ ತೆಗೆಯುವುದು. ಡಿಜಿಟಲ್ ನೆಗೆಟಿವ್ ಅಂದರೆ ಇಷ್ಟೇ.

ಇಷ್ಟೇ ಅಂದರೂ ನಡುವೆ ಒಂದು ತೊಡಕಿದೆ. ಸಯನೋಟೈಪ್ ತನ್ನದೇ ಹಟದಲ್ಲಿ ಕಪ್ಪು ಬಿಳುಪು ಹಂಚುತ್ತದೆ. ಸ್ಕ್ರೀನಿನಲ್ಲಿ ನಡುಮಟ್ಟದ ಬೂದು ಇದ್ದದ್ದು ಪ್ರಿಂಟಿನಲ್ಲಿ ಬಿಳಿಯ ಹತ್ತಿರ ಹೋಗಿಬಿಡುತ್ತದೆ. ಅದನ್ನು ಸರಿದೂಗಿಸಲು ಚಿತ್ರಕ್ಕೆ ಮೊದಲೇ ಒಂದು ಕರ್ವ್, ಅಂದರೆ ಯಾವ ಬೂದನ್ನು ಎಷ್ಟು ಬದಲಿಸಬೇಕು ಅನ್ನುವ ಲೆಕ್ಕ, ಹಾಕುತ್ತೇವೆ. ಮೇಷ್ಟ್ರೂ ಒಂದು ಕರ್ವ್ ಮಾಡಿಕೊಂಡಿದ್ದರು. ಕಪ್ಪಿನಿಂದ ಬಿಳುಪಿನವರೆಗೆ 21 ಚೌಕಗಳಿರುವ ಚಾರ್ಟನ್ನು ಸಯನೋಟೈಪ್ ಮಾಡಿ, ಮನೆಯ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡಿ, ಅದರ ಮೇಲೆ ಲೆಕ್ಕ ಹಾಕಿದ ಕರ್ವ್. ಎಲೆ, ಹೂವು, ಬೆಕ್ಕಿನ ಚಿತ್ರಗಳಿಗೆ ಒಂದೂವರೆ ವರ್ಷ ಅದೇ ಸಾಕಾಗಿತ್ತು.

ಆಮೇಲೆ ಅವರು ತೊಟ್ಟಿಮನೆಗಳಿಗೆ ಕೈ ಹಾಕಿದರು. 12 ಚಿತ್ರಗಳ ಸರಣಿ, ಆಗಸ್ಟಿನಲ್ಲಿ ಒಂದು ಸಣ್ಣ ಪ್ರದರ್ಶನ. ತೊಟ್ಟಿಮನೆಯ ಬೆಳಕು ಗೊತ್ತಲ್ವಾ? ಮೇಲಿಂದ ಆಕಾಶ ಸುರಿಯುತ್ತಿರುತ್ತದೆ, ಸುತ್ತ ಜಗಲಿಯಲ್ಲಿ ಕತ್ತಲು. ಕಪ್ಪು ಮರದ ಕಂಬ, ಅದರ ಬೋದಿಗೆಯ ಕೆತ್ತನೆ, ಎಲ್ಲ ಆ ಕತ್ತಲಲ್ಲೇ.

ತೊಂದರೆ

ಒಂದು ಚಿತ್ರದ ಮೇಲೆ ಮೇಷ್ಟ್ರಿಗೆ ಬಹಳ ಪ್ರೀತಿ. ಕಂಬದ ಮೊಳೆಗೆ ಯಾರೋ ಅಡಿಕೆ ಹಾಳೆಯ ಟೊಪ್ಪಿ ನೇತುಹಾಕಿದ್ದಾರೆ. ಕತ್ತಲ ಕಂಬದ ಮೇಲೆ ಸ್ವಲ್ಪವೇ ಬೆಳ್ಳಗೆ ಕಾಣುವ ಟೊಪ್ಪಿ. ಚಿತ್ರದ ಜೀವ ಅದೇ. ಪ್ರಿಂಟಿನಲ್ಲಿ ಟೊಪ್ಪಿಯೇ ಇಲ್ಲ. ಕಂಬ, ಟೊಪ್ಪಿ, ಹಿಂದಿನ ಗೋಡೆ, ಎಲ್ಲ ಸೇರಿ ಒಂದೇ ಕಡುನೀಲಿ ಮುದ್ದೆ.

ಮೊದಲು ಅವರು ಎಕ್ಸ್‌ಪೋಶರ್ ಇಳಿಸಿ ನೋಡಿದರು. ಅವರ ಯುವಿ ಪೆಟ್ಟಿಗೆಯಲ್ಲಿ 14 ನಿಮಿಷ ಕೊಡುತ್ತಿದ್ದುದನ್ನು 8ಕ್ಕೆ ತಂದರು. ಟೊಪ್ಪಿ ಕಂಡಿತು. ಆದರೆ ಪ್ರಿಂಟು ಒಗೆದು ಒಗೆದು ಮಾಸಿದ ಲುಂಗಿಯ ಹಾಗಾಯಿತು. ಆ ಒಂದು ಚಿತ್ರಕ್ಕೆ ಒಂಬತ್ತು ಹಾಳೆ ಹೋದ ಮೇಲೆ ನನಗೆ ಫೋನ್ ಮಾಡಿದರು. ಪಾರದರ್ಶಕ ಫಿಲ್ಮಿನ ಒಂದು ಹಾಳೆಗೆ ಹೋಟೆಲಿನಲ್ಲಿ ಎರಡು ಊಟದ ದುಡ್ಡು. "ಪ್ರಿಂಟ್ ತೆಗೆಯೋಕೆ ಮುಂಚೆ ಸ್ಕ್ರೀನಿನಲ್ಲೇ ನೋಡೋ ದಾರಿ ಇದೆಯಂತಲ್ಲಪ್ಪ, ಪ್ರೊಫೈಲ್ ಅಂತೇನೋ. ಅದನ್ನ ಮಾಡಿಕೊಡು" ಅಂದರು.

ಇದೆ. ಅದರ ಹೆಸರು ಸಾಫ್ಟ್ ಪ್ರೂಫ್. ಐಸಿಸಿ ಪ್ರೊಫೈಲ್ ಅಂದರೆ ಒಂದು ಸಣ್ಣ ಫೈಲು. 'ಈ ಯಂತ್ರಕ್ಕೆ ಇಂಥ ಸಂಖ್ಯೆ ಕೊಟ್ಟರೆ ಕಣ್ಣಿಗೆ ಇಷ್ಟು ಬೆಳಕು ಕಾಣುತ್ತದೆ' ಅನ್ನುವ ಟೇಬಲ್ ಅದರೊಳಗೆ ಇರುತ್ತದೆ. ನಮ್ಮ ವಿಷಯದಲ್ಲಿ 'ಯಂತ್ರ' ಅಂದರೆ ಪ್ರಿಂಟರ್ ಒಂದೇ ಅಲ್ಲ. ಕರ್ವ್, ಇಂಕು, ಫಿಲ್ಮು, ಯುವಿ ದೀಪ, ರಾಸಾಯನಿಕ, ಕಾಗದ, ತೊಳೆದ ನೀರು ಎಲ್ಲ ಸೇರಿದ ಇಡೀ ಸರಪಳಿ. ಇದು ಆಮೇಲೆ ನಮಗೆ ಚೆನ್ನಾಗಿಯೇ ಅರಿವಾಯ್ತು.

ಮಾಡಿದ್ದು ಏನು

ನನ್ನ ಹತ್ತಿರ ಬಣ್ಣ ಅಳೆಯುವ ಸ್ಪೆಕ್ಟ್ರೋ ಇದೆ. ಮೇಷ್ಟ್ರು 21 ಚೌಕದ ಚಾರ್ಟನ್ನು ತಮ್ಮ ಕರ್ವ್ ಹಾಕಿಯೇ ನೆಗೆಟಿವ್ ಮಾಡಿ, ಸಯನೋಟೈಪ್ ತೆಗೆದು ಕೊರಿಯರ್ ಮಾಡಿದರು. ಅದು ಬರೋಕೆ ಎರಡು ದಿನ. ಅಳೆದೆ. ಅಳತೆಯ ಘಟಕ ಎಲ್-ಸ್ಟಾರ್: 0 ಅಂದರೆ ಪೂರ್ತಿ ಕಪ್ಪು, 100 ಅಂದರೆ ಪೂರ್ತಿ ಬಿಳುಪು. ಅವರ ಕಾಗದದ ಬಿಳುಪು 95, ಅತಿ ಕಪ್ಪು ನೀಲಿ 24. ಸಯನೋಟೈಪಿಗೆ ಇದು ಒಳ್ಳೆಯ ಕಪ್ಪೇ. ಅಳತೆಗಳನ್ನು ಒಂದು ಟೆಕ್ಸ್ಟ್ ಫೈಲಿಗೆ ಹಾಕಿ, ಕ್ವಾಡ್‌ಟೋನ್ ರಿಪ್ ಅನ್ನುವ ಪ್ರಿಂಟಿಂಗ್ ಸಾಫ್ಟ್‌ವೇರ್ ಜತೆ ಬರುವ ಸಣ್ಣ ಟೂಲಿಗೆ ಕೊಟ್ಟು ಗ್ರೇ (ಬರೀ ಕಪ್ಪು ಬಿಳುಪಿನ) ಪ್ರೊಫೈಲ್ ಮಾಡಿ ಕಳಿಸಿದೆ. ಐದು ನಿಮಿಷದ ಕೆಲಸ. ಸಂಖ್ಯೆಗಳ ಮೇಲೆ ಸರಿಯಾಗಿ ಕಣ್ಣಾಡಿಸಲೂ ಇಲ್ಲ. ಇದು ನನ್ನ ಮೊದಲ ತಪ್ಪು.

ಮೇಷ್ಟ್ರು ಫೋಟೋಶಾಪಿನ ವ್ಯೂ ಮೆನುವಿನಲ್ಲಿ ಪ್ರೂಫ್ ಸೆಟಪ್‌ಗೆ ಹೋಗಿ ಪ್ರೊಫೈಲ್ ಆರಿಸಿದರು. ಸ್ಕ್ರೀನಿನಲ್ಲಿ ಕಪ್ಪು ಸ್ವಲ್ಪ ತೆಳುವಾಯಿತು, ಅಷ್ಟೇ. ಟೊಪ್ಪಿ ಚೆನ್ನಾಗಿ ಕಾಣುತ್ತಿತ್ತು. ಖುಷಿಯಾಗಿ ಪ್ರಿಂಟ್ ತೆಗೆದರು. ಮತ್ತೆ ಮುದ್ದೆ.

"ಚೌಕ ಕಮ್ಮಿ ಆಯ್ತೇನೋ ಮೇಷ್ಟ್ರೇ, 51 ಚೌಕದ್ದು ಮಾಡೋಣ" ಅಂದೆ. ಇದು ಎರಡನೇ ತಪ್ಪು. ರೋಗ ಗೊತ್ತಿಲ್ಲದೆ ಮಾತ್ರೆಯ ಡೋಸ್ ಜಾಸ್ತಿ ಮಾಡಿದ ಹಾಗೆ. ಹೊಸ ಚಾರ್ಟು, ಹೊಸ ಕೊರಿಯರ್, ಹೊಸ ಪ್ರೊಫೈಲ್. ಸ್ಕ್ರೀನಿನಲ್ಲಿ ಟೊಪ್ಪಿ, ಕಾಗದದಲ್ಲಿ ಮುದ್ದೆ.

ಮಾನಿಟರ್ ತೀರಾ ಬೆಳಕಾಗಿದೆಯೇನೋ ಅಂತ ಬ್ರೈಟ್‌ನೆಸ್ ಇಳಿಸಿ ನೋಡಿದೆವು. ಇಳಿಸಿದ್ದು ಒಳ್ಳೆಯದೇ ಆಯಿತು, ಅದು ನಿಜಕ್ಕೂ ಜಾಸ್ತಿ ಇತ್ತು. ಆದರೆ ಟೊಪ್ಪಿಯ ಪ್ರಶ್ನೆಗೂ ಅದಕ್ಕೂ ಸಂಬಂಧ ಇರಲಿಲ್ಲ. ಅಷ್ಟರಲ್ಲಿ ಮೇಷ್ಟ್ರಿಗೆ ಬೇಜಾರಾಗಿತ್ತು. "ಈ ಪ್ರೊಫೈಲ್ ಸುಮ್ನೆ ಕಣ್ಣೊರೆಸೋ ತಂತ್ರ ಕಣಯ್ಯ" ಅಂದರು.

ಮೊದಲ ತಿರುವು: ಮಂಕಾಗಿದ್ದ ಟಿಕ್ ಬಾಕ್ಸ್

ಒಂದು ಶನಿವಾರ ಪ್ರಿಂಟುಗಳನ್ನು ಸುತ್ತಿಕೊಂಡು ಮೇಷ್ಟ್ರೇ ಬಸ್ಸಿನಲ್ಲಿ ಬಂದರು. ಆವತ್ತು ನಾವು ಮಾಡಿದ ಒಳ್ಳೆಯ ಕೆಲಸ ಒಂದೇ. ಚಿತ್ರ ನೋಡುವುದನ್ನು ಬಿಟ್ಟು ಸಂಖ್ಯೆ ನೋಡಿದೆವು.

ಫೈಲಿನಲ್ಲಿ 0 ಅಂದರೆ ಕಪ್ಪು, 255 ಅಂದರೆ ಬಿಳುಪು. ಕಂಬದ ಮೇಲೆ ಕರ್ಸರ್ ಇಟ್ಟರೆ 26. ಟೊಪ್ಪಿಯ ಮೇಲೆ 50. ಈಗ 21 ಚೌಕದ ಮೊದಲ ಪ್ರೊಫೈಲಿನ ಅಳತೆಯ ಟೇಬಲ್ ತೆಗೆದೆವು. 0, 13, 26, 38, 51 ಈ ಐದು ಚೌಕಗಳೂ ಎಲ್-ಸ್ಟಾರ್ 24 ಮತ್ತು 25ರ ನಡುವೆಯೇ ಬಿದ್ದುಕೊಂಡಿದ್ದವು. ಆರನೇ ಚೌಕದಿಂದ ಮಾತ್ರ ಬೆಳಕು ಏರುತ್ತಿತ್ತು. ಅಂದರೆ 26ಕ್ಕೂ 50ಕ್ಕೂ ಪ್ರಿಂಟಿನಲ್ಲಿ ವ್ಯತ್ಯಾಸ ಬರುವುದಿಲ್ಲ ಅಂತ ಪ್ರೊಫೈಲಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಅದು ಸುಳ್ಳು ಹೇಳಿರಲಿಲ್ಲ. ಹಾಗಾದರೆ ಸ್ಕ್ರೀನಿನಲ್ಲಿ ಟೊಪ್ಪಿ ಹೇಗೆ ಕಂಡಿತು?

ಪ್ರೂಫ್ ಸೆಟಪ್‌ನ ಕಿಟಕಿಯಲ್ಲಿ 'ಪ್ರಿಸರ್ವ್ ನಂಬರ್ಸ್' ಅಂತ ಒಂದು ಟಿಕ್ ಬಾಕ್ಸ್ ಇದೆ. ಮೇಷ್ಟ್ರ ಕಂಪ್ಯೂಟರಿನಲ್ಲಿ ಅದು ಮಂಕಾಗಿ ಮಲಗಿತ್ತು, ಒತ್ತಲು ಬರುತ್ತಿರಲಿಲ್ಲ. ಯಾಕೆಂದರೆ ಚಿತ್ರ ಇದ್ದದ್ದು ಬಣ್ಣದ ಚಿತ್ರಗಳ ಆರ್‌ಜಿಬಿಯಲ್ಲಿ, ಪ್ರೊಫೈಲ್ ಗ್ರೇ. ಎರಡೂ ಒಂದೇ ಜಾತಿಯವಾದರೆ ಮಾತ್ರ ಆ ಬಾಕ್ಸ್ ತೆರೆಯುತ್ತದೆ. ಒತ್ತಲು ಬಾರದ್ದನ್ನು ಯಾರು ಗಮನಿಸುತ್ತಾರೆ?

ಆ ಟಿಕ್ ಇಲ್ಲದಿದ್ದರೆ ಸಾಫ್ಟ್ ಪ್ರೂಫ್ ತೋರಿಸುವುದೇ ಬೇರೆ. 'ನೀವು ಪ್ರಿಂಟ್ ತೆಗೆಯುವ ಮುಂಚೆ ಈ ಚಿತ್ರವನ್ನು ಈ ಪ್ರೊಫೈಲಿಗೆ ಪರಿವರ್ತಿಸುತ್ತೀರಿ' ಅಂತ ಅದು ನಂಬಿಕೊಳ್ಳುತ್ತದೆ. ಪರಿವರ್ತಿಸುವಾಗ ಸಂಖ್ಯೆಗಳು ಬದಲಾಗುತ್ತವೆ. 50 ಇರುವ ಕಡೆ 70ರ ಹತ್ತಿರದ ಸಂಖ್ಯೆ ಹೋಗುತ್ತದೆ, ಟೊಪ್ಪಿ ಉಳಿಯುತ್ತದೆ. ಪ್ರಿವ್ಯೂ ತೋರಿಸುತ್ತಿದ್ದದ್ದು ಆ ಪ್ರಿಂಟನ್ನು. ಮೇಷ್ಟ್ರು ಪರಿವರ್ತನೆ ಮಾಡುತ್ತಲೇ ಇರಲಿಲ್ಲ. ಫೈಲಿಗೆ ಕರ್ವ್ ಹಾಕಿ, ಇನ್ವರ್ಟ್ ಮಾಡಿ, ಇದ್ದ ಸಂಖ್ಯೆಯನ್ನೇ ಫಿಲ್ಮಿಗೆ ಕಳಿಸುತ್ತಿದ್ದರು. ಅಂದರೆ ಅವರು ಮಾಡದೇ ಇರುವ ಪ್ರಿಂಟಿನ ಚಿತ್ರ ಸ್ಕ್ರೀನಿನಲ್ಲಿ ಬರುತ್ತಿತ್ತು.

ಚಿತ್ರವನ್ನು ಗ್ರೇಸ್ಕೇಲ್ ಮಾಡಲು ಹೊರಟಾಗ ಇನ್ನೊಂದು ಕಲ್ಲು ಎಡವಿತು. ಅವರ ಸೆಟ್ಟಿಂಗಿನಲ್ಲಿ ಗ್ರೇ ಅಂದರೆ 'ಡಾಟ್ ಗೇನ್ 20' ಇತ್ತು. ಅದು ಪ್ರೆಸ್ಸಿನ ಇಂಕಿನ ಲೆಕ್ಕ, ನಮಗೆ ಬೇಕಿಲ್ಲ. ಚಾರ್ಟು ಇದ್ದದ್ದು 'ಗ್ರೇ ಗಾಮಾ 2.2' ಅನ್ನುವ ಇನ್ನೊಂದು ಲೆಕ್ಕದಲ್ಲಿ. ಚಿತ್ರವನ್ನೂ ಅದಕ್ಕೇ ತಂದೆವು. ಇಲ್ಲದಿದ್ದರೆ ಚಾರ್ಟಿನ 50 ಒಂದು, ಚಿತ್ರದ 50 ಇನ್ನೊಂದು ಆಗುತ್ತಿತ್ತು.

ಈಗ ಬಾಕ್ಸ್ ತೆರೆಯಿತು. ಟಿಕ್ ಒತ್ತಿದೆ. ಸ್ಕ್ರೀನಿನಲ್ಲಿದ್ದ ಟೊಪ್ಪಿ ಕಣ್ಣೆದುರೇ ಮಾಯವಾಯಿತು. ಕಂಬ, ಗೋಡೆ ಎಲ್ಲ ಒಂದು ಮುದ್ದೆ. ಮೇಷ್ಟ್ರು ಬ್ಯಾಗಿನಿಂದ ಪ್ರಿಂಟು ತೆಗೆದು ಮಾನಿಟರ್ ಪಕ್ಕ ಹಿಡಿದರು. "ಇದೇ! ಇದೇ ನನ್ನ ಪ್ರಿಂಟು" ಅಂದರು. ಅಷ್ಟು ಕೆಟ್ಟ ಚಿತ್ರ ನೋಡಿ ಅಷ್ಟು ಖುಷಿಪಟ್ಟವರನ್ನು ನಾನು ಬೇರೆ ಕಂಡಿಲ್ಲ.

ಎರಡನೇ ತಿರುವು: ಒಂದು ಗಂಟೆಯ ಚಾರ್ಟು

ಈಗ ಒಂದು ನಿರ್ಧಾರ ಮಾಡಬೇಕಿತ್ತು. ಪ್ರತಿ ಚಿತ್ರವನ್ನೂ ಪ್ರೊಫೈಲಿಗೆ ಪರಿವರ್ತಿಸಿ, ಆಮೇಲೆ ಕರ್ವ್ ಹಾಕಿದರೆ ಟೊಪ್ಪಿ ಬರುತ್ತಿತ್ತು. ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಹಾಗೆ ಮಾಡುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ ನಮ್ಮ ಟೇಬಲ್ ಇನ್ನೊಂದು ಮಾತು ಹೇಳುತ್ತಿತ್ತು. ಕರ್ವ್ ಹಾಕಿದ ಮೇಲೂ ಐದು ಚೌಕ ಒಂದಕ್ಕೊಂದು ಅಂಟಿವೆ ಅಂದರೆ ಕರ್ವೇ ತಪ್ಪು. ಹರಿದ ಬಟ್ಟೆಗೆ ತೇಪೆ ಹಾಕಬಹುದು, ಆದರೆ ಯಾಕೆ ಹರಿಯಿತು ಅಂತ ನೋಡುವುದು ಬೇಡವೇ? ಕರ್ವ್ ತಿದ್ದಲಿಕ್ಕೆ, ಪ್ರೊಫೈಲ್ ಬರೀ ನೋಡಲಿಕ್ಕೆ ಅಂತ ಕೆಲಸ ಹಂಚಿದೆವು. ಒಂದರ ಕೆಲಸ ಇನ್ನೊಂದು ಮಾಡಬಾರದು.

"ಕರ್ವ್ ಮಾಡಿದ ದಿನ ಏನೇನು ಮಾಡಿದ್ರಿ, ಒಂದೊಂದೇ ಹೇಳಿ" ಅಂದೆ. ಬಳಿದದ್ದು, ಎಕ್ಸ್‌ಪೋಸ್ ಮಾಡಿದ್ದು, ತೊಳೆದದ್ದು, ಫ್ಯಾನಿನ ಕೆಳಗೆ ಒಣಗಿಸಿದ್ದು, ಒಂದು ಗಂಟೆಯಲ್ಲಿ ಸ್ಕ್ಯಾನ್ ಮಾಡಿದ್ದು.

ಒಂದು ಗಂಟೆ. ಸಿಕ್ಕಿತು.

ಸಯನೋಟೈಪ್ ತೊಳೆದ ತಕ್ಷಣ ಪೂರ್ತಿ ನೀಲಿ ಆಗಿರುವುದಿಲ್ಲ. ಹೆಚ್ಚು ಬೆಳಕು ಬಿದ್ದ ಜಾಗದಲ್ಲಿ ನೀಲಿಯ ಒಂದಷ್ಟು ಪಾಲು ಬಣ್ಣವಿಲ್ಲದ ರೂಪಕ್ಕೆ ಇಳಿದಿರುತ್ತದೆ. ಗಾಳಿಯ ಆಮ್ಲಜನಕ ತಾಗುತ್ತಾ ಸುಮಾರು ಒಂದು ದಿನದಲ್ಲಿ ಅದು ಮತ್ತೆ ನೀಲಿಗೆ ತಿರುಗುತ್ತದೆ. ವಿಜ್ಞಾನದ ಮೇಷ್ಟ್ರಿಗೆ ಇದನ್ನು ನಾನು ಹೇಳಬೇಕಿರಲಿಲ್ಲ. ನಾನು ಬಾಯಿ ತೆರೆಯುವ ಮುಂಚೆಯೇ ಹಣೆ ಚಚ್ಚಿಕೊಂಡರು. ಆವತ್ತು ಸ್ಕ್ಯಾನಿನಲ್ಲಿ 0 ಚೌಕಕ್ಕಿಂತ 51ರ ಚೌಕವೇ ಕಪ್ಪಾಗಿ ಕಂಡಿತ್ತಂತೆ. ಸ್ಕ್ಯಾನರಿನ ದೋಷ ಅಂದುಕೊಂಡು ಕೈಯಾರೆ ಆ ಸಂಖ್ಯೆಗಳನ್ನು 'ಸರಿ' ಮಾಡಿದ್ದರು. ಎಕ್ಸ್‌ಪೋಶರ್ 14 ನಿಮಿಷಕ್ಕೆ ಏರಿದ್ದೂ ಆವತ್ತೇ. ಹತ್ತು ನಿಮಿಷದ ಹಸಿ ಪ್ರಿಂಟು ತೆಳುವಾಗಿ ಕಂಡಿತ್ತು, ಅದಕ್ಕೇ ಏರಿಸಿದ್ದು.

ಹಸಿ ಚಾರ್ಟು ನೋಡಿ ಕರ್ವ್ ಮಾಡಿದ್ದಾರೆ. ಎರಡು ದಿನ ಕೊರಿಯರಿನಲ್ಲಿ ಕೂತು ಹಣ್ಣಾದ ಚಾರ್ಟು ಅಳೆದು ನಾನು ಪ್ರೊಫೈಲ್ ಮಾಡಿದ್ದೇನೆ. ಕೊರಿಯರ್ ತಡವಾದದ್ದು ನಮ್ಮ ಅದೃಷ್ಟ. ಆವತ್ತೇ ಅಳೆದಿದ್ದರೆ ಪ್ರೊಫೈಲೂ ಅದೇ ಭ್ರಮೆಯನ್ನು ತೋರಿಸುತ್ತಿತ್ತು.

ಮತ್ತೆ ಮೊದಲಿಂದ

ಈ ಸಲ ಅವರ ಮನೆಗೇ ಹೋದೆ. ಕ್ರಮವನ್ನು ತಲೆಕೆಳಗು ಮಾಡದೆ ಹಿಡಿದೆವು. ಮೊದಲು ಎಕ್ಸ್‌ಪೋಶರ್. ಬರೀ ಫಿಲ್ಮಿನ ಒಂದು ತುಂಡು ಇಟ್ಟು, 4 ನಿಮಿಷದಿಂದ 16ರವರೆಗೆ ಪಟ್ಟಿ ಪಟ್ಟಿಯಾಗಿ ಎಕ್ಸ್‌ಪೋಸ್ ಮಾಡಿದೆವು. ತೊಳೆಯುವ ಟ್ರೇಯ ಕೊನೆಯ ನೀರಿಗೆ ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ ಎರಡು ಚಮಚ. ಕಾಗದ ಅದರಲ್ಲಿ ಮುಳುಗಿದ ಕೂಡಲೇ ತಿಳಿನೀಲಿ ಕಡುನೀಲಿಯಾಗುವುದನ್ನು ನೋಡುವುದೇ ಚೆಂದ. ಮೇಷ್ಟ್ರ ಮೊಮ್ಮಗಳು ಮೂರು ಸಲ ಮಾಡಿಸಿದಳು. ಪೆರಾಕ್ಸೈಡ್ ಹಾಕಿಯೂ ಒಂದು ರಾತ್ರಿ ಬಿಟ್ಟೆವು. ಬೆಳಿಗ್ಗೆ ಅಳೆದರೆ 10 ನಿಮಿಷದ ಪಟ್ಟಿ 24ಕ್ಕೆ ಮುಟ್ಟಿತ್ತು. ಆಮೇಲಿನವೂ 24. ಅಂದರೆ 10 ನಿಮಿಷದ ಮೇಲೆ ಕೊಟ್ಟದ್ದೆಲ್ಲ ನೆರಳನ್ನು ಮುಚ್ಚುವ ಕೆಲಸವನ್ನಷ್ಟೇ ಮಾಡುತ್ತಿತ್ತು.

ಆಮೇಲೆ ಕರ್ವ್ ಇಲ್ಲದ ಚಾರ್ಟು. ನಡುವಿನ 128ರ ಚೌಕ 60ರ ಹತ್ತಿರ ಬರಬೇಕು, ಬಂದದ್ದು 82. ಅದಕ್ಕೆ ಹೊಸ ಕರ್ವ್. ಮತ್ತೆ ಕರ್ವ್ ಹಾಕಿದ ಚಾರ್ಟು, ಮತ್ತೆ ಒಂದು ರಾತ್ರಿ. ನಡುವಿನ ಚೌಕ ಈಗ 60, ಕಂಬದ 26 ಇರುವ ಚೌಕ 31, ಟೊಪ್ಪಿಯ 50ಕ್ಕೆ ಹತ್ತಿರದ 51ರ ಚೌಕ 38. ಕೊನೆಗೆ ಈ ಚಾರ್ಟಿನಿಂದ ಪ್ರೊಫೈಲ್. ಮೂರು ದಿನ ಹಿಡಿಯಿತು. ಅದರಲ್ಲಿ ಜಾಸ್ತಿ ಹೊತ್ತು ಕಾಫಿ ಕುಡಿದದ್ದೇ.

ಪ್ರಿವ್ಯೂ ನೋಡುವ ರೀತಿಯನ್ನೂ ಗಟ್ಟಿ ಮಾಡಿಕೊಂಡೆವು. ನೋಡುವುದು ಯಾವಾಗಲೂ ಪಾಸಿಟಿವ್ ಫೈಲನ್ನು, ಕರ್ವ್ ಮತ್ತು ಇನ್ವರ್ಟ್ ಹಾಕುವ ಮುಂಚೆ. ಯಾಕೆಂದರೆ ಅವೆರಡೂ ಪ್ರೊಫೈಲಿನೊಳಗೇ ಇವೆ. ಕರ್ವ್ ಹಾಕಿದ ಫೈಲಿಗೆ ಪ್ರೂಫ್ ಹಾಕಿದರೆ ಒಂದೇ ಔಷಧಿ ಎರಡು ಸಲ ಕುಡಿದ ಹಾಗೆ. ಕಾಗದದ ಬಿಳುಪನ್ನೇ ಸ್ಕ್ರೀನಿನಲ್ಲಿ ತೋರಿಸುವ 'ಸಿಮ್ಯುಲೇಟ್ ಪೇಪರ್ ಕಲರ್' ಕೂಡ ಟಿಕ್ ಮಾಡಿದೆವು. ಅದನ್ನು ಒತ್ತಿದರೆ ಚಿತ್ರ ಒಮ್ಮೆಲೇ ಬೂದಿ ಬಳಿದ ಹಾಗಾಗುತ್ತದೆ. ಮೇಷ್ಟ್ರಿಗೆ ಜೀವ ಹೋದ ಹಾಗಾಯಿತು. ಸುತ್ತಲಿನ ಮೆನುವಿನ ಬಿಳುಪು ಕಣ್ಣಿಗೆ ಹೊಡೆಯುವುದರಿಂದ ಹಾಗೆ ಕಾಣುತ್ತದೆ. ಚಿತ್ರವನ್ನು ಇಡೀ ಸ್ಕ್ರೀನಿಗೆ ತಂದು, ಟಿಕ್ ಒತ್ತುವಾಗ ಕಿಟಕಿಯ ಹೊರಗೆ ನೋಡಿ, ಅರ್ಧ ನಿಮಿಷ ಬಿಟ್ಟು ತಿರುಗಿದರೆ ಸರಿ ಕಾಣುತ್ತದೆ. ತಮಾಷೆ ಅಲ್ಲ, ಮಾಡಿ ನೋಡಿ.

ಪ್ರೊಫೈಲಿಗೆ ಎಲ್-ಸ್ಟಾರ್ ಮಾತ್ರ ಕೊಟ್ಟಿದ್ದರಿಂದ ಪ್ರಿವ್ಯೂನಲ್ಲಿ ನೀಲಿ ಇರಲಿಲ್ಲ. ಮೇಷ್ಟ್ರು ಕೇಳಿದರು ಅಂತ ಮೇಲೊಂದು ನೀಲಿ ಲೇಯರ್ ಹಾಕಿಕೊಟ್ಟೆ. ಎರಡು ದಿನ ಬಳಸಿ ಅವರೇ ತೆಗೆದರು. ನೀಲಿ ಕಂಡ ಕೂಡಲೇ ಮನಸ್ಸು ಎಲ್ಲವನ್ನೂ ಮೆಚ್ಚಿಬಿಡುತ್ತದೆಯಂತೆ.

ಆದದ್ದು

ಟೊಪ್ಪಿ ಬಂತು. ಮೊದಲ ಹಾಳೆಯಲ್ಲೇ.

ಆದರೆ ಪ್ರೊಫೈಲಿನ ನಿಜವಾದ ಉಪಯೋಗ ನನಗೆ ಕಂಡದ್ದು ಬೇರೆ ಕಡೆ. 12 ಚಿತ್ರಗಳನ್ನೂ ಒಂದು ಸಂಜೆ ಕೂತು ಪ್ರಿವ್ಯೂನಲ್ಲಿ ನೋಡಿದರು. ಏಳು ಚಿತ್ರ ಹಾಗೇ ಸರಿ. ಮೂರಕ್ಕೆ ಜಗಲಿಯ ನೆರಳನ್ನು ಸ್ವಲ್ಪ ಎತ್ತಿದರು. ಕಾಗದದ 24ರಿಂದ 95ರವರೆಗಿನ 71 ಮೆಟ್ಟಿಲಿನಲ್ಲಿ ಕ್ಯಾಮೆರಾ ಕಂಡದ್ದೆಲ್ಲ ಹಿಡಿಸುವುದಿಲ್ಲ, ಯಾವುದನ್ನು ಉಳಿಸಬೇಕು ಅಂತ ನಾವೇ ಆರಿಸಬೇಕು. ಆ ಆಯ್ಕೆ ಫಿಲ್ಮ್ ಖರ್ಚಾಗುವ ಮುಂಚೆಯೇ ಆಯಿತು. ಉಳಿದ ಎರಡನ್ನು 'ಬೇಡ' ಪಟ್ಟಿಗೆ ಹಾಕಿದರು. ಇಡೀ ಸರಣಿಗೆ ಕೊನೆಗೆ ಹೋದದ್ದು 27 ಹಾಳೆ.

'ಬೇಡ' ಪಟ್ಟಿಯ ಒಂದು ಚಿತ್ರ ಮಂಜಿನಲ್ಲಿ ಅಡಿಕೆ ತೋಟ. ತೊಟ್ಟಿಮನೆಯ ಹಿತ್ತಿಲಿಂದ ತೆಗೆದದ್ದು. ಪ್ರಿವ್ಯೂನಲ್ಲಿ ನೀರುನೀರಾಗಿ, ಸತ್ವ ಇಲ್ಲದೆ ಕಾಣುತ್ತಿತ್ತು. ನಾನೂ ಬೇಡ ಅಂದೆ. ನಾನು ವಾಪಸ್ ಬಂದ ಮೇಲೆ ಮೇಷ್ಟ್ರು ಮೊಂಡಾಟಕ್ಕೆ ಪ್ರಿಂಟ್ ತೆಗೆದರು. ಕಾಗದದ ಒರಟು ಮೈಗೆ ಆ ಮಂಜು ಎಷ್ಟು ಚೆನ್ನಾಗಿ ಕೂತಿದೆ ಅಂದರೆ ಪ್ರದರ್ಶನದಲ್ಲಿ ಬಾಗಿಲ ಎದುರಿಗೆ ಅದನ್ನೇ ತೂಗುಹಾಕಿದರು. ಪ್ರೊಫೈಲಿಗೆ ಕಾಗದದ ಬಿಳುಪು ಗೊತ್ತು, ಕಾಗದದ ಮೈ ಗೊತ್ತಿಲ್ಲ. ಟೋನ್‌ಗಳ ಬಗ್ಗೆ ಅದರ ಮಾತು ಕೇಳುತ್ತೇನೆ, ಚಿತ್ರ ಬೇಕೋ ಬೇಡವೋ ಅನ್ನುವುದಕ್ಕೆ ಈಗ ಅಷ್ಟಾಗಿ ಕೇಳುವುದಿಲ್ಲ.

ಜುಲೈನಲ್ಲಿ ಮಳೆ ಹಿಡಿದಾಗ ಮತ್ತೆ ಒಂದು ಪೆಟ್ಟು ಬಿತ್ತು. ಬಳಿದ ಕಾಗದ ಒಣಗಲೇ ಒಲ್ಲದು. ಹಿಂದಿನ ದಿನ ಬಳಿದಿಟ್ಟದ್ದನ್ನು ಬಳಸಿದರೆ ಬಿಳುಪಿನಲ್ಲೂ ತೆಳು ನೀಲಿ ಮುಸುಕು. ಪ್ರಿವ್ಯೂ ಒಂದು, ಪ್ರಿಂಟು ಇನ್ನೊಂದು. ಈ ಸಲ ಯಾರೂ ಪ್ರೊಫೈಲನ್ನು ಬೈಯಲಿಲ್ಲ. ಅದು ಬೇಸಿಗೆಯ ಒಣ ಕಾಗದದ ಪ್ರೊಫೈಲ್. ಮಳೆಗಾಲಕ್ಕೆ ಹೊಸದು ಮಾಡುವ ಬದಲು, ಮಳೆಗಾಲದ ಕಾಗದವನ್ನೇ ಬೇಸಿಗೆಯ ಹತ್ತಿರ ತರೋಣ ಅಂತ ತೀರ್ಮಾನಿಸಿದರು. ಬಳಿದದ್ದು ಅದೇ ದಿನ ಬಳಕೆ, ಒಣಗಿಸಲು ಹೇರ್ ಡ್ರೈಯರಿನ ತಣ್ಣನೆ ಗಾಳಿ, ಎಕ್ಸ್‌ಪೋಶರಿಗೆ ಮುಂಚೆ ಕಾಗದ ಅರ್ಧ ಗಂಟೆ ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಜತೆ.

ಅದು ಸಾಲದು ಅಂತ ಪ್ರತಿ ನೆಗೆಟಿವ್‌ನ ಅಂಚಿನಲ್ಲಿ ಐದು ಚೌಕದ ಒಂದು ಪಟ್ಟಿ ಸೇರಿಸುತ್ತಾರೆ. ಪ್ರಿಂಟು ಒಣಗಿದ ಮರುದಿನ ಆ ಪಟ್ಟಿಯನ್ನು ಕತ್ತರಿಸಿ, ಪ್ರೊಫೈಲ್ ಮಾಡಿದ ದಿನದ ಮೂಲ ಪಟ್ಟಿಯ ಪಕ್ಕ ಇಟ್ಟು ನೋಡುತ್ತಾರೆ. ಒಂದಕ್ಕೊಂದು ಹೊಂದಿದರೆ ಪ್ರಿವ್ಯೂ ನಂಬಬಹುದು, ಇಲ್ಲವೆಂದರೆ ಸರಪಳಿಯಲ್ಲಿ ಏನೋ ಜರುಗಿದೆ. ಎಲ್ಲ ಪಟ್ಟಿಗಳೂ ತಾರೀಖು ಸಮೇತ ಒಂದು ಹಳೇ ಹಾಜರಿ ಪುಸ್ತಕದಲ್ಲಿ ಅಂಟಿಕೊಂಡಿವೆ. ಹುಡುಗರ ಹೆಸರಿದ್ದ ಜಾಗದಲ್ಲಿ ಈಗ ನೀಲಿ ಚೌಕಗಳು.

ಮೊನ್ನೆ ಫೋನ್ ಮಾಡಿದ್ದರು. ಫೆರಿಕ್ ಅಮೋನಿಯಂ ಸಿಟ್ರೇಟಿನ ಹೊಸ ಬಾಟಲಿ ತೆರೆದಿದ್ದಾರೆ. ಎರಡನೇ ಚೌಕ ಒಂದು ಕೂದಲಿನಷ್ಟು ತೆಳುವಾಗಿ ಬಂದಿದೆಯಂತೆ. "ಕಣ್ಣಿನ ಭ್ರಮೆಯೋ ನಿಜವೋ, ಭಾನುವಾರ ಬಂದು ಅಳೆದುಬಿಡು. ಊಟಕ್ಕೇ ಬಾ" ಅಂದರು. ಸ್ಪೆಕ್ಟ್ರೋ ಬ್ಯಾಗಿಗೆ ಹಾಕಿಟ್ಟಿದ್ದೇನೆ.